ಮಾಗಿಯ ರಾತ್ರಿ, ಬೋರಿನ ನೀರು, ಮೂಡಗಾಳಿ

ನಮ್ಮದು ಹೊಳಲ್ಕೆರೆ ಸೀಮೆ. ಅಡಿಕೆ ತೋಟ, ಬೋರಿನ ನೀರು. ನಮ್ಮ ಲೈನಿಗೆ ತ್ರೀ ಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿಯೇ. ಹಾಗಾಗಿ ಮಾಗಿ ತಿಂಗಳುಗಳಲ್ಲಿ ನಡುರಾತ್ರಿ ತೋಟಕ್ಕೆ ಹೋಗಿ ವಾಲ್ವ್ ತಿರುಗಿಸುವುದು ನನಗೆ ಇಪ್ಪತ್ತು ವರ್ಷದ ರೂಢಿ. ಚಳಿ ಅಂದರೆ ಹಿಮಾಲಯದ್ದು, ನಮ್ಮ ದುರ್ಗದ ಕಡೆ ಏನಿದ್ದೀತು ಎಂದೇ ನಾನೂ ತಿಳಿದಿದ್ದೆ. ಮೂರು ವರ್ಷದ ಹಿಂದಿನ ಒಂದು ಜನವರಿ ರಾತ್ರಿ ಆ ತಿಳಿವಳಿಕೆ ತಪ್ಪೆಂದು ಗೊತ್ತಾಯಿತು.

ಅವತ್ತು ಮೇನ್ ಪೈಪಿನ ಎಲ್ಬೋ ಕಿತ್ತುಕೊಂಡಿತು. ನೀರಿಗೆ ಎದೆಯೊಡ್ಡಿ ನಿಂತು ಟ್ಯೂಬಿನ ಪಟ್ಟಿ ಸುತ್ತಿ ಬಿಗಿದೆ. ಬೋರಿನ ನೀರು ಮಾಗಿಯಲ್ಲಿ ಬೆಚ್ಚಗಿರುತ್ತದೆ, ಹಬೆಯಾಡುತ್ತದೆ. ಕೈಯಿಟ್ಟರೆ ಹಾಯೆನಿಸುತ್ತದೆ. ಆ ಬಿಸುಪು ನಂಬಿ ಅಂಗಿ, ಬನಿಯನ್ನು, ಲುಂಗಿ ಎಲ್ಲ ತೊಯ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸ್ಟಾರ್ಟರ್ ಕಡೆಗೆ ಬದು ಹತ್ತಿದ್ದೇ ತಡ, ಮೂಡಗಾಳಿ ಎದುರಿಗೆ ಹೊಡೆಯಿತು.

ಅರ್ಧ ಗಂಟೆಯೊಳಗೆ ಬೆರಳು ಮಾತು ಕೇಳದಾದವು. ಸ್ಟಾರ್ಟರ್ ಪೆಟ್ಟಿಗೆಯ ಬೀಗಕ್ಕೆ ಕೀಲಿ ಹಾಕಲು ಆಗಲಿಲ್ಲ. ಮರಗಟ್ಟಿದ ಒದ್ದೆ ಕೈ, ಮುಂದೆ ನಾನೂರು ವೋಲ್ಟಿನ ಲೈನು. ಕೀಲಿ ತಿರುಗದೇ ಹೋದದ್ದು ನನ್ನ ಪುಣ್ಯ. ಅದಕ್ಕಿಂತ ಭಯದ್ದು ಮನಸ್ಸಿನ ಸ್ಥಿತಿ. ಇಲ್ಲೇ ಒಂದು ಗಳಿಗೆ ಕೂತರಾಯಿತು, ಮೋಟರು ಓಡಿದರೆ ಓಡಲಿ ಅನ್ನಿಸತೊಡಗಿತು. ಕೂತೂಬಿಟ್ಟೆ.

ಪಕ್ಕದ ಬೀಡು ಹೊಲದಲ್ಲಿ ಚಳ್ಳಕೆರೆ ಕಡೆಯವರ ಕುರಿಮಂದೆ ಬಿಟ್ಟಿತ್ತು. ಬ್ಯಾಟರಿ ಬೆಳಕು ಅಲ್ಲಾಡದೆ ನಿಂತಿದ್ದು ನೋಡಿ ಕುರಿಗಾಹಿಯೊಬ್ಬರು ಬಂದರು. ನನ್ನ ಮಾತು ತೊದಲುತ್ತಿತ್ತು. ಕುಡಿದಿದ್ದೀಯೇನಪ್ಪಾ ಎಂದರು, ಕೈ ಮುಟ್ಟಿ ನೋಡಿದವರು ಮತ್ತೆ ಕೇಳಲಿಲ್ಲ. ಮೊದಲು ಒದ್ದೆ ಬಟ್ಟೆ ಪೂರಾ ಬಿಚ್ಚಿಸಿದರು, ತಮ್ಮ ಟವೆಲಿನಲ್ಲಿ ಒರೆಸಿದರು, ಕಂಬಳಿ ಸುತ್ತಿ ಗಾಳಿಗೆ ಮರೆಯಾಗಿ ಕೂರಿಸಿದರು. ಬೆಲ್ಲದ ಬಿಸಿ ಟೀ ಕೊಟ್ಟಿದ್ದು ನಾನು ಲೋಟ ನೆಟ್ಟಗೆ ಹಿಡಿಯುವಂತಾದ ಮೇಲೆ. ಚಳಿಗಾಲದಲ್ಲಿ ಹುಟ್ಟಿದ ಮರಿಯನ್ನೂ ಹೀಗೇ ಉಳಿಸಿಕೊಳ್ಳುವುದಂತೆ: ಒರೆಸಿದ ಮೇಲೆ ಬೆಂಕಿ, ಒದ್ದೆಯಲ್ಲಿ ಅಲ್ಲ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಮೈಯ ಒಳಗಿನ ಶಾಖ 37 ಡಿಗ್ರಿ ಇರಬೇಕು. 35ಕ್ಕಿಂತ ಇಳಿದರೆ ಕೈ ತಡವರಿಸುತ್ತದೆ, ನಾಲಿಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಅದಕ್ಕೆ ಹಿಮ ಬೀಳಬೇಕೆಂದಿಲ್ಲ. ಹೊರಗೆ 12–13 ಡಿಗ್ರಿ ಇದ್ದರೂ ಬಟ್ಟೆ ಒದ್ದೆಯಾಗಿ ಗಾಳಿ ಬೀಸಿದರೆ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ, ಒದ್ದೆ ಬಟ್ಟೆ ಆರುವಾಗಲೂ ಮೈಯ ಶಾಖವನ್ನೇ ತಿನ್ನುತ್ತದೆ.

ಅಂದಿನಿಂದ ನನ್ನ ಪದ್ಧತಿ ಬದಲಾಗಿದೆ. ಮೈಗೆ ಅಂಟಿಕೊಂಡು ಹತ್ತಿಯ ಬನಿಯನ್ನು ಹಾಕುವುದಿಲ್ಲ, ಹಳೆಯ ಉಣ್ಣೆಯ ಸ್ವೆಟರ್ ಹಾಕುತ್ತೇನೆ. ಮೇಲೆ ಗಾಳಿ ತಡೆಯಲು ರೇನ್‌ಕೋಟು, ಕಾಲಿಗೆ ಗಮ್ ಬೂಟು. ಯೂರಿಯಾ ಚೀಲದೊಳಗೆ ಕಟ್ಟಿದ ಒಣ ಬಟ್ಟೆ, ಟವೆಲು ಪಂಪ್‌ಹೌಸಿನ ಗೂಟಕ್ಕೆ ಸದಾ ನೇತಾಡುತ್ತಿರುತ್ತವೆ. ತೊಯ್ದರೆ ಕೆಲಸ ಅರ್ಧಕ್ಕೇ ಬಿಟ್ಟು ಬದಲಾಯಿಸುತ್ತೇನೆ. ಕೈ ಒರೆಸದೆ ಸ್ಟಾರ್ಟರ್ ಮುಟ್ಟುವುದಿಲ್ಲ.

ಕಂಬಳಿಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಚಳ್ಳಕೆರೆ ಸಂತೆಯಿಂದ ತಂದ ಕರಿ ಕಂಬಳಿ ನನ್ನದು. ಹುಣಸೆ ಬೀಜದ ಗಂಜಿ ಹಾಕಿ ನೇಯ್ದದ್ದು, ಒರಟು, ಹೊಸದರಲ್ಲಿ ಕುತ್ತಿಗೆ ಚುಚ್ಚುತ್ತದೆ. ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದರೆ ತಲೆ, ಕಿವಿ, ಬೆನ್ನು ಒಂದೇ ಸಲಕ್ಕೆ ಮರೆಯಾಗುತ್ತವೆ. ಇಬ್ಬನಿಗೆ ಒದ್ದೆಯಾದರೂ ಉಣ್ಣೆ ಬಿಸಿ ಬಿಟ್ಟುಕೊಡುವುದಿಲ್ಲ. ನುಣುಪಾದ ಮಿಲ್ಲಿನ ಶಾಲಿಗೆ ಈ ಗುಣ ಬರಲಾರದು.

ಚಳಿ ಬಿಡಿಸುತ್ತದೆಂದು ಒಂದು ಗುಟುಕು ಹಾಕುವವರು ನಮ್ಮಲ್ಲಿ ಬಹಳ. ಹೆಂಡ ಚರ್ಮಕ್ಕೆ ರಕ್ತ ನುಗ್ಗಿಸಿ ಬೆಚ್ಚಗಾದಂತೆ ಮಾಡುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಸೋರುತ್ತದೆ. ಇನ್ನು, ಪಂಪ್‌ಹೌಸಿನ ಬಾಗಿಲು ಮುಚ್ಚಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಬೆಂಕಿ ಬಯಲಲ್ಲೇ ಇರಲಿ, ಬದುವಿನ ಮರೆಯಲ್ಲಿ.

ಗಂಟೆಗೊಮ್ಮೆ ಮನೆಯಿಂದ ಹೆಂಡತಿ ಫೋನ್ ಮಾಡುತ್ತಾಳೆ. ಯಾವ ಯಾವ ವಾಲ್ವ್ ತೆರೆದಿದೆ ಅಂತ ನಾನು ಸಾಲಾಗಿ ಹೇಳಬೇಕು. ನಾಲಿಗೆ ತಡವರಿಸಿದರೆ, ನಾನು ಏನೇ ಸಮಜಾಯಿಷಿ ಕೊಟ್ಟರೂ ಕೇಳದೆ ತಮ್ಮನನ್ನು ಬೈಕಿನಲ್ಲಿ ಅಟ್ಟುತ್ತಾಳೆ.