ಕಂಪ್ಯೂಟರ್ ಆನ್ ಆಗ್ತಿಲ್ವಾ? ಪೇಟೆಗೆ ಹೊರುವ ಮೊದಲು ಇಷ್ಟು ನೋಡಿ

ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು. "ಅಣ್ಣಾ, ನಿನ್ನೆ ರಾತ್ರಿ ಸರಿಯಾಗೇ ಇತ್ತು. ಬೆಳಿಗ್ಗೆ ಆನ್ ಮಾಡಿದ್ರೆ ಫ್ಯಾನ್ ತಿರುಗ್ತದೆ, ಸ್ಕ್ರೀನ್ ಮಾತ್ರ ಕಪ್ಪು." ನಾನು ಏನಾದರೂ ಹೇಳುವಷ್ಟರಲ್ಲಿ ಕ್ಯಾಬಿನೆಟ್ ಜೀಪಿನ ಹಿಂದಿನ ಸೀಟಿಗೆ ಏರಿ, ನಾಪೋಕ್ಲಿನಿಂದ ಮಡಿಕೇರಿಗೆ ಹೊರಟಾಗಿರುತ್ತದೆ. ಅಂಗಡಿಯಲ್ಲಿ ಪ್ಲಗ್ ಹಾಕಿದರೆ ಏನೂ ಆಗಿಲ್ಲವೆಂಬಂತೆ ಆನ್ ಆಗುತ್ತದೆ. ಮನೆಗೆ ತಂದ ಮೂರನೇ ದಿನಕ್ಕೆ ಮತ್ತೆ ಕಪ್ಪು. ಇದರಲ್ಲಿ ಮಾಯೆ ಏನಿಲ್ಲ. ಹೊಂಡದ ರಸ್ತೆಯಲ್ಲಿ ಕುಲುಕಿದಾಗ ಕಂಪ್ಯೂಟರಿನ ನೆನಪಿನ ಪಟ್ಟಿ, ಅಂದರೆ ರ‍್ಯಾಮ್ ಕೂದಲೆಳೆಯಷ್ಟು ಸರಿದು ಕಾಂಟ್ಯಾಕ್ಟ್ ಕೂಡಿಕೊಂಡಿತು, ಅಷ್ಟೇ.

ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬೀರುವಿನ ಕೋಟಿಗೆ ಹಿಡಿಯುತ್ತದೆ, ಮಕ್ಕಳ ಪುಸ್ತಕಕ್ಕೂ ಹಿಡಿಯುತ್ತದೆ. ಕಂಪ್ಯೂಟರ್‌ನ ಒಳಗೆ ಮಾತ್ರ ತೇವ ಹೋಗಲ್ಲ ಅಂದುಕೊಂಡರೆ ಹೇಗೆ?

ಮೊದಲು ರೋಗ ಯಾವುದು ಅಂತ ಗೊತ್ತಾಗಬೇಕು. "ಸತ್ತು ಹೋಗಿದೆ" ಅನ್ನುವುದರಲ್ಲಿ ಮೂರು ಬಗೆ ಇದೆ. ಬಟನ್ ಒತ್ತಿದರೂ ದೀಪವಿಲ್ಲ, ಫ್ಯಾನ್ ಇಲ್ಲ. ಇದು ಕರೆಂಟಿನ ಗಲಾಟೆ. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರಲ್ಲ. ಹೆಚ್ಚಿನ ಸಲ ರ‍್ಯಾಮ್. ಕಂಪನಿಯ ಲೋಗೋ ಬಂದು ಅಲ್ಲೇ ನಿಲ್ಲುತ್ತದೆ ಅಂದರೆ ಹಾರ್ಡ್ ಡಿಸ್ಕ್ ಅಥವಾ ವಿಂಡೋಸ್.

ಮೊದಲನೆಯದಕ್ಕೆ, ಕಂಪ್ಯೂಟರ್ ಹಾಕುವ ಸಾಕೆಟ್ಟಿಗೇ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಿ. ಟೆಸ್ಟರ್ ನಂಬಬೇಡಿ. ನ್ಯೂಟ್ರಲ್ ಕಡಿದಿದ್ದರೂ ಟೆಸ್ಟರ್ ಉರಿಯುತ್ತದೆ, ಗಾಳಿಗೆ ಮರ ಬಿದ್ದು ಲೈನ್ ಕಡಿದ ಮಾರನೇ ದಿನ ಇದು ಮಾಮೂಲು. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ಕಡೆ ಮೊದಲು ಸಾಯುವುದು ಯುಪಿಎಸ್‌ನ ಬ್ಯಾಟರಿ. ಹಿಂದೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಹತ್ತಿರ ಇರುವ ಸ್ವಿಚ್ ಆನ್ ಇದೆಯಾ ನೋಡಿ. ಹಳೇ ಮಾಡೆಲ್ಲಿನಲ್ಲಿ 115, 230 ಅಂತ ಬರೆದ ಕೆಂಪು ಸ್ವಿಚ್ ಒಂದಿರುತ್ತದೆ. ಅದು 230ರಲ್ಲೇ ಇರಬೇಕು. ಮಕ್ಕಳು ಆಟಕ್ಕೆ 115ಕ್ಕೆ ಸರಿಸಿ ಪ್ಲಗ್ ಹಾಕಿದರೆ ಡಬ್ ಅಂತ ಸದ್ದು, ಆಮೇಲೆ ಹೊಗೆ. ಇಷ್ಟೂ ಸರಿಯಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ನನ್ನು 20 ಸೆಕೆಂಡ್ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಲ್ಯಾಪ್‌ಟಾಪಿಗೂ ಚಾರ್ಜರ್ ತೆಗೆದು ಇದನ್ನೇ ಮಾಡಿ. ಲ್ಯಾಪ್‌ಟಾಪಿಗೆ ಮನೆಯಲ್ಲಿ ಅದಕ್ಕಿಂತ ಜಾಸ್ತಿ ಬೇಡ.

ಆದರೂ ಜೀವ ಬರದಿದ್ದರೆ ಎಸ್‌ಎಂಪಿಎಸ್ ಹೋಗಿರಬಹುದು. ಅದರ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳು ಶಾಕ್ ಹೊಡೆಯುವಷ್ಟು ಕರೆಂಟ್ ಇಟ್ಟುಕೊಂಡಿರುತ್ತವೆ. ಹಸಿರು ವಯರಿಗೂ ಕಪ್ಪು ವಯರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿಸುವ ವಿಡಿಯೋಗಳಿವೆ. ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ಅರ್ಥವಲ್ಲ, ಭಾರ ಬಿದ್ದಾಗ ನಿಲ್ಲುತ್ತದಾ ಅನ್ನುವುದೇ ಪ್ರಶ್ನೆ. ಹೊಸದು ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ಹೊರಗೆ 450 ವ್ಯಾಟ್ ಅಂತ ಸ್ಟಿಕರ್, ಎತ್ತಿದರೆ ಖಾಲಿ ಬಿಸ್ಕತ್ ಡಬ್ಬಿಯ ತೂಕ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. 80 ಪ್ಲಸ್ ಅಂತ, ಕರೆಂಟ್ ಹೆಚ್ಚು ಪೋಲು ಮಾಡಲ್ಲ ಅನ್ನುವುದಕ್ಕೆ ಕೊಡುವ ಗುರುತಿರುವುದನ್ನೇ ಕೇಳಿ.

ಇನ್ನು ಎರಡನೆಯ ರೋಗ. ಜನ ಕೈ ಸುಟ್ಟುಕೊಳ್ಳುವುದೆಲ್ಲ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಮಾನಿಟರ್ ಕೇಬಲ್ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು. ಧೂಳು ಒರೆಸಿದವರು ಮೇಲೆ ಮದರ್‌ಬೋರ್ಡಿನ (ಎಲ್ಲ ಭಾಗಗಳು ಕೂರುವ ದೊಡ್ಡ ಬೋರ್ಡ್) ತೂತಿಗೆ ಸಿಕ್ಕಿಸಿ, ಒಂದು ವಾರ ಕಂಪ್ಯೂಟರನ್ನು ಬೈದದ್ದು ನಾನೇ ನೋಡಿದ್ದೇನೆ.

ಪ್ಲಗ್ ಪೂರ್ತಿ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕ್ಯಾಬಿನೆಟ್ಟನ್ನು ಮರದ ಮೇಜಿನ ಮೇಲೆ ಅಡ್ಡ ಮಲಗಿಸಿ, ಹಿಂದಿನ ಎರಡು ಸ್ಕ್ರೂ ತೆಗೆದು ಪಕ್ಕದ ಮುಚ್ಚಳ ಹಿಂದಕ್ಕೆ ಎಳೆಯಿರಿ. ಬಣ್ಣ ಬಳಿಯದ ಕಬ್ಬಿಣದ ಭಾಗವನ್ನು ಒಮ್ಮೆ ಬರಿಗೈಯಲ್ಲಿ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿದು ಹೋಗುತ್ತದೆ. ಮಳೆಗಾಲದಲ್ಲಿ ಅದರ ಕಾಟ ಕಮ್ಮಿ. ಜನವರಿಯ ಒಣ ಚಳಿಯಲ್ಲಿ ಉಣ್ಣೆ ಸ್ವೆಟರ್ ಹಾಕಿಕೊಂಡು ಮಾತ್ರ ಈ ಕೆಲಸಕ್ಕೆ ಕೂರಬೇಡಿ.

ಒಳಗೆ ಏನೇ ಕಂಡರೂ ಗಾಬರಿ ಬೇಡ. ಒಂದು ಮನೆಯಲ್ಲಿ ಮದರ್‌ಬೋರ್ಡಿನ ಮೂಲೆಯಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು, ಇನ್ನೊಂದು ಮನೆಯಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಅರ್ಧ ಇಂಚಿನ ಹೊಸ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ಗುಡಿಸಿ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ.

ಪ್ರೊಸೆಸರ್ ಫ್ಯಾನಿನ ಪಕ್ಕದಲ್ಲಿ ಉದ್ದಕ್ಕೆ ನಿಂತ ಪಟ್ಟಿಗಳೇ ರ‍್ಯಾಮ್. ಯಾವುದು ಯಾವ ಸ್ಲಾಟಿನಲ್ಲಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತುದಿಯ ಕ್ಲಿಪ್ಪನ್ನು ಹೊರಕ್ಕೆ ಒತ್ತಿದರೆ ರ‍್ಯಾಮ್ ತಾನೇ ಮೇಲೆದ್ದು ಬರುತ್ತದೆ. ಕೆಲವು ಬೋರ್ಡಿನಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ. ಇನ್ನೊಂದು ಕಡೆಯದ್ದನ್ನು ಹುಡುಕಿ ಸ್ಲಾಟನ್ನೇ ಮುರಿದವರಿದ್ದಾರೆ.

ಪಟ್ಟಿಯನ್ನು ಅಂಚು ಹಿಡಿದು ಬೆಳಕಿಗೆ ತಿರುಗಿಸಿ. ಕೆಳಗೆ ಚಿನ್ನದ ಬಣ್ಣದ ಕಾಲುಗಳ ಸಾಲು ಕಾಣುತ್ತದೆ. ಡಿಡಿಆರ್4 ಅನ್ನುವ ತಲೆಮಾರಿನದ್ದಾದರೆ ಎರಡೂ ಬದಿ ಸೇರಿ 288 ಕಾಲು. ಹೊಳೆಯಬೇಕಾದದ್ದು ಕಾಫಿ ಕಲೆ ಬಿದ್ದ ಹಾಗೆ ಮಂಕಾಗಿದೆಯಾ? ಅದೇ ಕಳ್ಳ. ಈ ರ‍್ಯಾಮ್ ಓಡುವುದು ಬರೀ 1.2 ವೋಲ್ಟಿನಲ್ಲಿ. ಅಷ್ಟು ಸಣ್ಣ ಕರೆಂಟಿಗೆ ತೆಳ್ಳನೆ ಕೊಳೆಯೂ ಗೋಡೆಯೇ.

ಮಕ್ಕಳ ಬಿಳಿ ಮೆತ್ತನೆ ರಬ್ಬರ್ ತಗೊಳ್ಳಿ. ಅರ್ಧ ನೀಲಿ, ಅರ್ಧ ಕೆಂಪು ಇರುವ ಇಂಕ್ ರಬ್ಬರ್ ಬೇಡವೇ ಬೇಡ, ಅದರಲ್ಲಿ ಮರಳಿನಂಥ ಪುಡಿ ಇದ್ದು ಚಿನ್ನದ ಲೇಪವನ್ನೇ ಕೆರೆದು ತೆಗೆಯುತ್ತದೆ. ಕಾಲುಗಳ ಉದ್ದಕ್ಕೆ, ಮೇಲಿಂದ ಅಂಚಿನ ಕಡೆಗೆ, ಪ್ರತಿ ಬದಿಗೆ ನಾಲ್ಕೈದು ಸಲ ಹಗುರವಾಗಿ ಉಜ್ಜಿ. ಪಾತ್ರೆ ತಿಕ್ಕುವ ಹಾಗಲ್ಲ. ರಬ್ಬರಿನ ಪುಡಿ ಕ್ಯಾಬಿನೆಟ್ಟಿನಿಂದ ದೂರ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕಿದರೆ ಹತ್ತಿಯಲ್ಲಿ ಅದ್ದಿ ಒರೆಸಿ, ಪೂರ್ತಿ ಆರಲು ಬಿಡಿ. ಥಿನ್ನರ್ ಬೇಡ, ಪೆಟ್ರೋಲ್ ಬೇಡ. "ಮನೆಯಲ್ಲಿ ರಮ್ ಇದೆ, ಆಗ್ತದಾ?" ಅಂತ ಕೇಳಿದ ಅಂಕಲ್ ಒಬ್ಬರಿದ್ದಾರೆ. ಆಗಲ್ಲ, ಅದರಲ್ಲಿ ನೀರಿದೆ, ಸಕ್ಕರೆಯೂ ಇರಬಹುದು. ಅದು ಸಂಜೆಗಿರಲಿ. ಬೋರ್ಡನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದೂ ಬೇಡ, ಹೊಗೆಯ ಜಿಡ್ಡು ಹಿಡಿದರೆ ತೇವಕ್ಕಿಂತ ಕಷ್ಟ.

ವಾಪಸ್ ಹಾಕುವಾಗ ಒಂದೇ ಪಟ್ಟಿ ಹಾಕಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎರಡನೆಯದಕ್ಕೆ. ಪಟ್ಟಿಯ ಕೆಳಗಿನ ಕಚ್ಚು ನಡುವಿನಿಂದ ಸ್ವಲ್ಪ ಪಕ್ಕಕ್ಕಿದೆ, ಸ್ಲಾಟಿನ ಉಬ್ಬಿಗೆ ಅದು ಹೊಂದಬೇಕು. ಹೊಂದದಿದ್ದರೆ ತಿರುಗಿಸಿ, ಒತ್ತಬೇಡಿ. ಹೊಂದಿದ ಮೇಲೆ ಎರಡು ಹೆಬ್ಬೆರಳಲ್ಲಿ ಎರಡೂ ತುದಿಗೆ ಸಮನಾಗಿ ಒತ್ತಿ. ಇಲ್ಲಿ ಜನ ಹೆದರುತ್ತಾರೆ. ಬೋರ್ಡ್ ಸ್ವಲ್ಪ ಬಾಗಿದ ಹಾಗಾಗುತ್ತದೆ, ಆಗಲಿ. ಟಕ್ ಅಂತ ಸದ್ದಾಗಿ ಕ್ಲಿಪ್ ತಾನಾಗಿ ಕೂರಬೇಕು. ಕ್ಲಿಪ್ಪನ್ನು ನೀವು ಕೈಯಿಂದ ಮುಚ್ಚಿದಿರಿ ಅಂದರೆ ರ‍್ಯಾಮ್ ಇನ್ನೂ ಕೂತಿಲ್ಲ ಅಂತಲೇ ಲೆಕ್ಕ.

ಮುಚ್ಚಳ ಹಾಕದೆಯೇ ಪ್ಲಗ್ ಕೊಟ್ಟು ಆನ್ ಮಾಡಿ, ಆನ್ ಇರುವಾಗ ಒಳಗೆ ಕೈ ಹಾಕಬೇಡಿ. ಡಿಡಿಆರ್5 ಇರುವ ಹೊಸ ಮೆಷಿನ್ ಆದರೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರುತ್ತದೆ, ಅದು ರ‍್ಯಾಮನ್ನು ಪರೀಕ್ಷೆ ಮಾಡಿಕೊಳ್ಳುವ ಹೊತ್ತು. ಅವಸರಕ್ಕೆ ಬಟನ್ ಒತ್ತಬೇಡಿ, ಒಂದು ಲೋಟ ಕಾಫಿ ಕುಡಿದು ಬನ್ನಿ. ಬರಲಿಲ್ಲವಾ? ಪ್ಲಗ್ ತೆಗೆದು ಇನ್ನೊಂದು ಸ್ಲಾಟ್, ಆಮೇಲೆ ಇನ್ನೊಂದು ಪಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಸರಿಯಾದದ್ದು ಯಾವುದರಿಂದ ಅಂತ ದೇವರಿಗೂ ಗೊತ್ತಾಗಲ್ಲ.

ಮೂರನೆಯದು ಸುಲಭ. ಪೆನ್ ಡ್ರೈವ್ ಸಿಕ್ಕಿಸಿಯೇ ಬಿಟ್ಟಿದ್ದರೆ ತೆಗೆಯಿರಿ. ಹಾರ್ಡ್ ಡಿಸ್ಕಿನ ಎರಡು ಕೇಬಲ್‌ಗಳನ್ನು ಬಿಚ್ಚಿ ಗಟ್ಟಿಯಾಗಿ ಹಾಕಿ. ತಾರೀಕು ಯಾವುದೋ ಹಳೇ ವರ್ಷ ತೋರಿಸಿದರೆ ಬೋರ್ಡಿನ ಮೇಲಿನ ಗುಂಡು ಸೆಲ್ ಮುಗಿದಿದೆ. ಸಿಆರ್2032 ಅಂತ ಕೇಳಿ, 3 ವೋಲ್ಟಿನದ್ದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಬದಲಾಯಿಸಿದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿದರೆ ಹೆದರಬೇಡಿ, ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಹುಡುಕಿ. "ಫಾರ್ಮ್ಯಾಟ್ ಮಾಡಿದ್ರೆ ಸರಿ ಹೋಗ್ತದೆ" ಅನ್ನುವ ನೆಂಟರ ಹುಡುಗನನ್ನು ಮಾತ್ರ ಹತ್ತಿರ ಬಿಡಬೇಡಿ. ತೋಟದ ಕೂಲಿ ಲೆಕ್ಕ, ಮದುವೆ ಫೋಟೋ ಎಲ್ಲ ಒಂದೇ ಏಟಿಗೆ ಹೋಗುತ್ತದೆ.

ಸರಿಯಾದ ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ ತಿಂಗಳುಗಟ್ಟಲೆ ಮೂಲೆಯಲ್ಲಿಡಬೇಡಿ, ತೇವ ಒಳಗೇ ಕೂರುತ್ತದೆ. ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳು) ಮಳೆಯಲ್ಲೂ ದಿನಕ್ಕೆ ಅರ್ಧ ಗಂಟೆ ಸುಮ್ನೆ ಆನ್ ಮಾಡಿಡಿ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ, ಜೊತೆಗೆ ಇಂಟರ್ನೆಟ್ ವಯರನ್ನೂ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಸುಟ್ಟ ವಾಸನೆ ಬಂದರೆ, ಬೋರ್ಡಿನ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರಿನ ತಲೆ ಉಬ್ಬಿದ್ದರೆ ಆಗ ಪೇಟೆಗೆ ಹೋಗಲೇಬೇಕು. ಕ್ಯಾಬಿನೆಟ್ ಒಂದನ್ನೇ ಒಯ್ಯಿರಿ, ಮಾನಿಟರ್ ಮನೆಯಲ್ಲಿರಲಿ. ಬೋರ್ಡ್ ಕೆಳಗೆ ಬರುವ ಹಾಗೆ ಅಡ್ಡ ಮಲಗಿಸಿ, ಅಡಿಗೆ ಒಂದು ಹಳೇ ಕಂಬಳಿ ಹಾಕಿ, ಜೀಪ್ ಮೆಲ್ಲಗೆ ಬಿಡಿ.