ರೋಮ್ ಬೆಳೆದದ್ದು ಹೇಗೆ ಅಂತ ತಿಳಿಯಬೇಕಾ? ಕ್ರಿ.ಪೂ. 338ರಿಂದ ಶುರು ಮಾಡಿ

ರೋಮ್ ಅಂದ ಕೂಡಲೇ ಜಾಸ್ತಿ ಜನ ಜೂಲಿಯಸ್ ಸೀಸರ್‌ನಿಂದ ಓದಲು ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಸೀಸರ್ ಹುಟ್ಟಿದ್ದು ಕ್ರಿ.ಪೂ. 100ರಲ್ಲಿ. ಅಷ್ಟು ಹೊತ್ತಿಗೆ ರೋಮ್‌ನ ದೊಡ್ಡ ಎದುರಾಳಿ, ಉತ್ತರ ಆಫ್ರಿಕಾದ ಕಾರ್ತೇಜ್ ಸುಟ್ಟು ಹೋಗಿತ್ತು, ಗ್ರೀಸ್‌ನ ಉತ್ತರದ ಮ್ಯಾಸಿಡೋನಿಯಾ ರೋಮ್ ಕೈ ಸೇರಿತ್ತು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳೂ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದವು, ಅಂದರೆ ಹೆಚ್ಚಿನದೆಲ್ಲ ಗೆದ್ದು ಮುಗಿದ ಮೇಲಿನವು. ಬೆಳೆದ ಕಥೆ ಬೇಕಾದರೆ ಇನ್ನೂ ಹಿಂದೆ ಹೋಗಬೇಕು.

ಮೊದಲು ಇಟಲಿಯ ಒಂದು ಭೂಪಟ ಇಟ್ಟುಕೊಳ್ಳಿ. ಟೈಬರ್ ನದಿ ಹುಡುಕಿ, ರೋಮ್ ಗುರುತು ಹಾಕಿ, ಅದರ ಉತ್ತರಕ್ಕೆ ವೇಯಿ ಅನ್ನುವ, ಎಟ್ರುಸ್ಕನ್ ಜನರ ಊರನ್ನು ಗುರುತು ಹಾಕಿ. ಎರಡಕ್ಕೂ ನಡುವೆ ಸುಮಾರು 16 ಕಿ.ಮೀ. ಅಷ್ಟೇ. ಇಷ್ಟು ಹತ್ತಿರದ ಊರನ್ನು ಗೆಲ್ಲಲು ರೋಮ್‌ಗೆ ಕ್ರಿ.ಪೂ. 396ರ ತನಕ ಆಗಲಿಲ್ಲ, ಗೆದ್ದ ಕೆಲವೇ ವರ್ಷಕ್ಕೆ ಉತ್ತರದಿಂದ ಗಾಲ್ ಜನ ಬಂದು ರೋಮ್ ಅನ್ನೇ ಲೂಟಿ ಮಾಡಿದರು. ಆಗ ಅದು ಇಟಲಿಯ ಎಷ್ಟೋ ಊರುಗಳಲ್ಲಿ ಒಂದು.

ಈಗ 338ಕ್ಕೆ ಬನ್ನಿ. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ನನ್ನ ಪ್ರಕಾರ ಮುಂದಿನದೆಲ್ಲ ಇಲ್ಲಿಂದಲೇ ಹುಟ್ಟಿತು. ರೋಮ್ ಸುತ್ತಲಿನ, ಲ್ಯಾಟಿನ್ ಭಾಷೆಯ ಊರುಗಳು ಒಟ್ಟಾಗಿ ತಿರುಗಿಬಿದ್ದವು, ಸೋತವು. ರೋಮ್ ಅವುಗಳ ಒಕ್ಕೂಟವನ್ನು ಒಡೆದು ಒಂದೊಂದು ಊರಿನ ಜೊತೆಗೂ ಬೇರೆ ಬೇರೆ ಒಪ್ಪಂದ ಮಾಡಿಕೊಂಡಿತು. ಲಾನೂವಿಯಂ, ಅರಿಕಿಯಾದಂಥ ಊರುಗಳಿಗೆ ಪೂರ್ತಿ ಪೌರತ್ವ ಸಿಕ್ಕಿತು. ಲ್ಯಾಟಿನ್ ಅಲ್ಲದ, ದಕ್ಷಿಣದ ಕಾಪುವಾದವರಿಗೆ ಪೌರತ್ವ ಉಂಟು, ಮತ ಹಾಕುವ ಹಕ್ಕು ಇಲ್ಲ. ಟೀಬುರ್, ಪ್ರೈನೆಸ್ಟೆ ಸ್ವಲ್ಪ ಜಮೀನು ಕಳೆದುಕೊಂಡು ಮಿತ್ರರಾಗಿ ಉಳಿದವು. ಉಳಿದ ಲ್ಯಾಟಿನ್ ಊರುಗಳು ತಮ್ಮ ತಮ್ಮಲ್ಲಿ ಮದುವೆ, ವ್ಯಾಪಾರ, ಸಭೆ ಯಾವುದನ್ನೂ ನಡೆಸುವಂತಿರಲಿಲ್ಲ. ಎಲ್ಲರ ನಂಟೂ ರೋಮ್ ಜೊತೆಗೆ ಮಾತ್ರ.

ಮಿತ್ರ ಊರುಗಳಿಂದ ರೋಮ್ ಕಪ್ಪ ಕೇಳಲಿಲ್ಲ, ಸೈನಿಕರನ್ನು ಕೇಳಿತು. ಇದರ ಪರಿಣಾಮ ಯೋಚಿಸಿ ನೋಡಿ: ಮಿತ್ರರಿಂದ ಬರುವುದು ಸೈನಿಕರು ಮಾತ್ರ ಅಂದರೆ, ಯುದ್ಧಕ್ಕೆ ಹೊರಟರೆ ಮಾತ್ರ ಆ ನಂಟಿನಿಂದ ಲಾಭ, ಆದ್ದರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಯುದ್ಧ, ಗೆದ್ದರೆ ಲೂಟಿಯಲ್ಲಿ ಪಾಲು, ಸೋತವರೂ ಮುಂದಿನ ಯುದ್ಧಕ್ಕೆ ಸೈನಿಕರು.

ಇಲ್ಲಿಂದ ಮುಂದೆ ಯಾವ ಯುದ್ಧ ಓದಿದರೂ ಸೇನಾಪತಿ ಯಾರು ಅನ್ನುವುದಕ್ಕಿಂತ ಮೊದಲು, ಸೋತವರನ್ನು ಏನು ಮಾಡಿದರು ಅಂತ ನೋಡಿ. ಆಮೇಲೆ ಅಲ್ಲಿ ವಸಾಹತು (ರೋಮ್ ಜನರನ್ನು ಕಳಿಸಿ ನೆಲೆಗೊಳಿಸಿದ ಊರು) ಕಟ್ಟಿದರಾ, ರಸ್ತೆ ಹಾಕಿದರಾ ಅಂತ ಹುಡುಕಿ ಭೂಪಟದಲ್ಲಿ ಬರೆಯಿರಿ. 334ರಲ್ಲಿ ಕಾಲೆಸ್, 314ರಲ್ಲಿ ಲುಕೇರಿಯಾ, 291ರಲ್ಲಿ ವೆನೂಸಿಯಾ. 312ರಲ್ಲಿ ಆಪಿಯಸ್ ಕ್ಲಾಡಿಯಸ್ ರೋಮ್‌ನಿಂದ ಕಾಪುವಾಕ್ಕೆ ಆಪಿಯನ್ ರಸ್ತೆ ಶುರು ಮಾಡಿದ. ಆ ಚುಕ್ಕೆಗಳನ್ನು ನೋಡುತ್ತಾ ಹೋದರೆ ದಕ್ಷಿಣದ ಸ್ಯಾಮ್ನೈಟ್ ಜನರನ್ನು ಹೇಗೆ ಸುತ್ತುವರಿದರು ಅಂತ ಕಣ್ಣಿಗೇ ಕಾಣುತ್ತದೆ.

ಸೋಲುಗಳನ್ನು ದಯವಿಟ್ಟು ಬಿಡಬೇಡಿ. 321ರಲ್ಲಿ ಕಾಡಿಯಂ ಕಣಿವೆಯಲ್ಲಿ ಇಡೀ ರೋಮನ್ ಸೇನೆ ಸ್ಯಾಮ್ನೈಟರಿಗೆ ಶರಣಾಯಿತು. 280ರಲ್ಲೂ 279ರಲ್ಲೂ ಗ್ರೀಕ್ ರಾಜ ಪಿರ್ರಸ್ ಗೆದ್ದ, ಆದರೆ ಸತ್ತ ತನ್ನವರ ಜಾಗಕ್ಕೆ ಜನ ತರಲು ಅವನಿಗೆ ಆಗಲಿಲ್ಲ, ರೋಮ್‌ಗೆ ಆಯಿತು. ಕಾರ್ತೇಜ್ ಜೊತೆಗಿನ ಮೊದಲ ಯುದ್ಧದಲ್ಲಿ, 255ರಲ್ಲಿ, ಸಿಸಿಲಿಯ ಹತ್ತಿರ ಬಿರುಗಾಳಿಗೆ ಹಡಗುಪಡೆಯ ಬಹುಪಾಲು ಮುಳುಗಿತು. ಮತ್ತೆ ಕಟ್ಟಿದರು. ಕೊನೆಗೆ ಖಜಾನೆಯಲ್ಲಿ ಹಣ ಇಲ್ಲದಾಗ ಶ್ರೀಮಂತರು ಸಾಲ ಕೊಟ್ಟು 200 ಹಡಗು ಕಟ್ಟಿಸಿದರು, 241ರಲ್ಲಿ ಅದೇ ಹಡಗುಗಳು ಯುದ್ಧ ಮುಗಿಸಿದವು.

ಕಾರ್ತೇಜ್ ಜೊತೆಗಿನ ಎರಡನೇ ಯುದ್ಧದ ಕ್ಯಾನೆ ಕಾಳಗಕ್ಕೆ ಒಂದು ಸಂಜೆ ಪೂರ್ತಿ ಇಡಿ. ಕ್ರಿ.ಪೂ. 216ರ ಆ ಒಂದೇ ದಿನ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಎದುರು ಸತ್ತ ರೋಮನ್ನರು ಮತ್ತು ಮಿತ್ರರು ಸುಮಾರು 50,000. ಬೇರೆ ರಾಜ್ಯವಾಗಿದ್ದರೆ ಸಂಧಿಗೆ ಬರುತ್ತಿತ್ತು, ಅಲ್ವಾ? ಕಾಪುವಾ ಹ್ಯಾನಿಬಲ್ ಕಡೆ ಹೋಯಿತು, ದಕ್ಷಿಣದ ಇನ್ನೂ ಕೆಲವರು ಹೋದರು, ಆದರೆ ಕಾಲೆಸ್, ವೆನೂಸಿಯಾದಂಥ ಲ್ಯಾಟಿನ್ ವಸಾಹತುಗಳು ಹೋಗಲಿಲ್ಲ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕೊಡುವ ಲೆಕ್ಕದಲ್ಲಿ, 225ರ ಹೊತ್ತಿಗೆ ರೋಮ್ ಮತ್ತು ಮಿತ್ರರ ಕಡೆ ಆಯುಧ ಹಿಡಿಯಬಲ್ಲವರು 7,00,000ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ಕ್ಯಾನೆಯ ಪಕ್ಕದಲ್ಲಿ ಬರೆದಿಡಿ. ಹ್ಯಾನಿಬಲ್ 203ರವರೆಗೂ ಇಟಲಿಯಲ್ಲೇ ಇದ್ದ, ಆದರೂ ರೋಮ್ ಮತ್ತು ಮಿತ್ರರ ನಂಟನ್ನು ಒಡೆಯಲು ಅವನಿಗೆ ಆಗಲಿಲ್ಲ.

ಇದನ್ನು ಆಗಲೇ ಗಮನಿಸಿದ ಒಬ್ಬ ಶತ್ರುವೂ ಇದ್ದ. ಮ್ಯಾಸಿಡೋನಿಯಾದ ರಾಜ ಐದನೇ ಫಿಲಿಪ್ ತನ್ನ ಕೈಕೆಳಗಿನ ಲಾರಿಸಾ ಊರಿಗೆ ಬರೆದ ಪತ್ರ ಕಲ್ಲಿನ ಮೇಲೆ ಉಳಿದಿದೆ. ರೋಮನ್ನರು ಬಿಡುಗಡೆಯಾದ ಗುಲಾಮರಿಗೂ ಪೌರತ್ವ ಕೊಡುತ್ತಾರೆ, ಹಾಗಾಗಿಯೇ ಅಷ್ಟೊಂದು ವಸಾಹತು ಕಟ್ಟಿದ್ದಾರೆ, ನೀವೂ ಹೊಸಬರನ್ನು ಸೇರಿಸಿಕೊಳ್ಳಿ ಅಂತ ಅವನ ಮಾತು.

ಹಾಗಂತ ಇದನ್ನು ಒಳ್ಳೆಯವರ ಕಥೆ ಮಾಡಬೇಡಿ. 167ರಲ್ಲಿ ಗ್ರೀಸ್‌ನ ಪಶ್ಚಿಮದ ಎಪಿರಸ್‌ನಲ್ಲಿ 1,50,000 ಜನರನ್ನು ಗುಲಾಮರನ್ನಾಗಿ ಮಾಡಿದರು ಅಂತ ಹಳೆಯ ಇತಿಹಾಸಕಾರರೇ ಬರೆದಿದ್ದಾರೆ. 146ರಲ್ಲಿ ಕಾರ್ತೇಜ್, ಗ್ರೀಸ್‌ನ ಕೊರಿಂತ್ ಎರಡನ್ನೂ ಒಂದೇ ವರ್ಷ ನೆಲಸಮ ಮಾಡಿದರು. ಈ ಪುಟಗಳನ್ನೂ ಅಷ್ಟೇ ನಿಧಾನವಾಗಿ ಓದಬೇಕು.

ಕೊನೆಗೆ ಕ್ರಿ.ಪೂ. 91ರ ಯುದ್ಧ ಓದಿ. ತಲೆಮಾರುಗಟ್ಟಲೆ ರೋಮ್‌ಗಾಗಿ ಸತ್ತ ಮಿತ್ರ ಊರುಗಳು ಪೌರತ್ವ ಕೇಳಿ ಸಿಗದೆ ದಂಗೆ ಎದ್ದವು. ನಿಮ್ಮ ಭೂಪಟ ಮತ್ತೆ ತೆಗೆದು ಯಾರು ಎದ್ದರು, ಯಾರು ಉಳಿದರು ಅಂತ ಹೋಲಿಸಿ. ಲ್ಯಾಟಿನ್ ವಸಾಹತುಗಳಲ್ಲಿ ದಂಗೆ ಕಡೆ ಹೋದದ್ದು ವೆನೂಸಿಯಾ ಒಂದೇ. ಮುಂದಿನ ವರ್ಷ, ಇನ್ನೂ ಯುದ್ಧ ನಡೆಯುತ್ತಿರುವಾಗಲೇ, ತನ್ನ ಕಡೆ ಉಳಿದ ಮಿತ್ರರಿಗೆ ರೋಮ್ ಪೌರತ್ವದ ಕಾನೂನು ಮಾಡಿತು.