ಶನಿವಾರ ಸಂಜೆ ಆರೇಳು ಮನೆ: ಧರ್ಮಕೇಂದ್ರದಲ್ಲಿ ವಾಕ್ಯದ ಕೂಟ ನಡೆಸುವುದು ಹೇಗೆ?

ಭಾನುವಾರ ಬಲಿಪೂಜೆ ಮುಗಿಸಿ ಚರ್ಚ್ ಗೇಟು ದಾಟುವವರನ್ನು ನಿಲ್ಲಿಸಿ, ಇವತ್ತಿನ ಶುಭಸಂದೇಶ, ಅಂದರೆ ಪೂಜೆಯಲ್ಲಿ ಓದಿದ ಯೇಸುವಿನ ಕಥೆಯ ಭಾಗ, ಯಾವುದಿತ್ತು ಅಂತ ಕೇಳಿ ನೋಡಿ. ಮೊದಲೆಲ್ಲ ನನಗೇ ಉತ್ತರ ಬರುತ್ತಿರಲಿಲ್ಲ. ಭಕ್ತಿಗೇನೂ ಕೊರತೆ ಇಲ್ಲ. ಕೇಳಿದ ವಾಕ್ಯದ ಬಗ್ಗೆ ಕೂತು ಮಾತಾಡಲು ಜಾಗ ಇರುವುದಿಲ್ಲ. ಆ ಜಾಗವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: ಶನಿವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದಿ ಮಾತಾಡುವುದೇ ವಾಕ್ಯದ ಕೂಟ.

ಮೊದಲು ಫಾದರ್ ಹತ್ತಿರ ಹೋಗಿ ಹೇಳಿ. ಅವರಿಗೆ ತಿಳಿಸದೆ ಶುರು ಮಾಡಬೇಡಿ. ಆಮೇಲೆ ನಡೆದು ಹೋಗುವಷ್ಟು ದೂರದ ಆರೇಳು ಮನೆ ಸಾಕು, ಜಾಸ್ತಿ ಬೇಡ.

ಕಾಲ ನೋಡಿಕೊಳ್ಳಿ. ನಾವು ಮೊದಲ ಸಲ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ ಶುರು ಮಾಡಿ ಕೈ ಸುಟ್ಟುಕೊಂಡೆವು. ದಿನವಿಡೀ ಹಣ್ಣು ಕೊಯ್ದು, ಮೂಟೆ ಹೊತ್ತು, ತೂಕ ಹಾಕಿಸಿ ಬಂದವರನ್ನು ಏಳು ಗಂಟೆಗೆ ಬನ್ನಿ ಅಂದರೆ ಹೇಗೆ ಬರುತ್ತಾರೆ? ಕೊಯ್ಲು ಮುಗಿದ ಮೇಲೆ ಶುರು ಮಾಡಿ. ಜೂನ್‌ನಿಂದ ಜೋರು ಮಳೆ, ಆಗ ಪಕ್ಕದ ಎರಡು ಮೂರು ಮನೆಯವರು ಮಾತ್ರ ಸೇರಿದರೂ ನಡೆಯುತ್ತೆ, ನಿಲ್ಲಿಸಬೇಡಿ.

ಓದುವುದು ಏನು? ಮರುದಿನದ ಶುಭಸಂದೇಶವನ್ನೇ ಓದಿ. ಶುಭಸಂದೇಶ ಬರೆದವರಲ್ಲಿ ಮತ್ತಾಯ, ಮಾರ್ಕ, ಲೂಕ ಅಂತ ವರ್ಷಕ್ಕೊಬ್ಬರಂತೆ ಮೂರು ವರ್ಷಕ್ಕೆ ಒಂದು ಸುತ್ತು, ನಡುನಡುವೆ ಯೊವಾನ್ನ. ಕೇರಳ ಮೂಲದ ಸಿರೋ ಮಲಬಾರ್ ಸಭೆಯ ಮನೆಯವರಿದ್ದರೆ ಅವರ ಪಂಚಾಂಗ ಬೇರೆ, ಯಾವ ವಾಚನ ಅಂತ ಮೊದಲೇ ಮಾತಾಡಿಕೊಳ್ಳಿ. ಭಾಷೆಯೂ ಹಾಗೇ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಲ್ಲಿ ಶುರುವಾದದ್ದೇ ಟಿಪ್ಪುವಿನ ಸೆರೆ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟಿದ್ದರಿಂದ. ಈಗ ಒಂದೇ ಬೆಂಚಿನಲ್ಲಿ ಕೊಂಕಣಿ, ಮಲಯಾಳಂ, ತಮಿಳು, ಕನ್ನಡ ಎಲ್ಲಾ ಇದೆ ಅಲ್ವಾ? ಕನ್ನಡದಲ್ಲಿ ಒಂದು ಸಲ, ಆ ಮನೆಯ ಮಾತಿನಲ್ಲಿ ಇನ್ನೊಂದು ಸಲ ಓದಿ.

ಓದಿದ ಮೇಲೆ ಎರಡು ನಿಮಿಷ ಸುಮ್ನೆ ಕೂತಿರಿ. ಮೊದಮೊದಲು ಕಷ್ಟ, ಯಾರಾದರೂ ಕೆಮ್ಮುತ್ತಾರೆ, ಮಗು ಓಡಾಡುತ್ತೆ, ಪರವಾಗಿಲ್ಲ. ಆಮೇಲೆ ಒಂದೇ ಪ್ರಶ್ನೆ: ಯಾವ ಮಾತು ನಿಮ್ಮ ಮನಸ್ಸಿಗೆ ತಾಗಿತು? ಇಲ್ಲಿ ದಯವಿಟ್ಟು ಯಾರೂ ಪ್ರಸಂಗ ಮಾಡಬೇಡಿ, ಜಾಸ್ತಿ ಓದಿದವರಂತೂ ಕೊನೆಗೆ ಮಾತಾಡಿ.

ತೋಟದ ಕೆಲಸದವರ ಒಂದು ಲೈನ್‌ಮನೆಯಲ್ಲಿ ಬಿತ್ತುವವನ ಸಾಮತಿ ಓದಿದ್ದೆವು, ಮುಳ್ಳಿನ ನಡುವೆ ಬಿದ್ದ ಬೀಜ ಅಡಗಿಹೋಗುವ ಯೇಸುವಿನ ಕಥೆ. ಅಕ್ಷರ ಬಾರದ ಒಬ್ಬ ಅಮ್ಮ ಗೋಡೆಗೆ ಒರಗಿ ಕೂತು, ಬೆರಳಿನಿಂದ ಕಾಫಿ ಕರೆ ಉಜ್ಜಿಕೊಳ್ಳುತ್ತಾ, 'ನನ್ನ ಮುಳ್ಳು ಸಂಘದ ಸಾಲ, ಪ್ರಾರ್ಥನೆಗೆ ಕೂತರೂ ಅದೇ ಕಣ್ಮುಂದೆ' ಅಂದರು. ಎಲ್ಲರೂ ತಲೆ ತಗ್ಗಿಸಿದೆವು. ಎಷ್ಟೋ ವರ್ಷ ಒಂದೇ ಚರ್ಚಿಗೆ ಹೋಗಿದ್ದರೂ ಅವರ ಕಷ್ಟ ನಮಗೆ ಗೊತ್ತಿರಲಿಲ್ಲ. ಮರುವಾರ ಇಬ್ಬರು ಅವರ ಜೊತೆ ಹೋಗಿ ಕಂತಿನ ಲೆಕ್ಕ ಬಿಡಿಸಿಕೊಟ್ಟರು.

ಅದಕ್ಕೇ ಪ್ರತಿ ಸಲ ಒಂದು ಕೆಲಸ ಗೊತ್ತು ಮಾಡಿ. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ತರಲು ಫಾದರ್‌ಗೆ ಹೇಳುವುದು, ಮುನಿಸಿಕೊಂಡು ಚರ್ಚಿಗೆ ಬಾರದವರ ಮನೆಗೆ ಸುಮ್ನೆ ಹೋಗಿ ಬರುವುದು, ಇಂಥವು. ಮುಂದಿನ ವಾರ ಆಯಿತಾ ಅಂತ ಕೇಳಿ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಬಾಯಿಗೆ ಬಂದದ್ದು ಹೇಳದೆ ಚೀಟಿಯಲ್ಲಿ ಬರೆದಿಡಿ. ಎರಡು ಮೂರು ತಿಂಗಳಿಗೊಮ್ಮೆ ಫಾದರ್ ಬಂದಾಗ ಚೀಟಿ ಅವರ ಮುಂದಿಡಿ.

ಡಿಸೆಂಬರ್‌ನಲ್ಲಿ ಕೂಡಲು ಆಗದವರಿಗೆ ಒಂದು ದಾರಿ ಇದೆ. ಲೂಕನ ಶುಭಸಂದೇಶದಲ್ಲಿ 24 ಅಧ್ಯಾಯ. ಒಂದನೇ ತಾರೀಕಿನಿಂದ ಮಲಗುವ ಮುಂಚೆ ದಿನಕ್ಕೊಂದು ಓದಿದರೆ ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಮುಗಿಯುತ್ತೆ.

ಮುಕ್ಕಾಲು ಗಂಟೆ ದಾಟಿಸಬೇಡಿ. ಊಟ ತಿಂಡಿ ಬೇಡ, ಬೆಲ್ಲದ ಕಾಫಿ ಸಾಕು, ಇಲ್ಲದಿದ್ದರೆ ಬಡವರ ಮನೆ ಸರದಿ ಬಂದಾಗ ಅವರಿಗೆ ಸಂಕೋಚ. ಏಳುವ ಮೊದಲು ಮುಂದಿನ ವಾರ ಯಾರ ಮನೆ ಅಂತ ಕೇಳಿ, ಬೈಬಲ್ಲನ್ನು ಅವರ ಕೈಗೇ ಕೊಟ್ಟು ಕಳಿಸಿ.